ಮೆಟ್ಸ್‌ನ ಸಂತ ಅರ್ನುಲ್ಫ್: ತಂದೆ ಯಾರು, ಮಗ ಯಾರು, ಬಿಯರಿನ ಪಾಲಕತ್ವ ಎಲ್ಲಿಂದ ಬಂತು?

ಕೊಂಬೆರೆಂಬೆ:

ಶಾರ್ಲಮೇನ್ ಚಕ್ರವರ್ತಿಯಿಂದ ಹಿಂದಕ್ಕೆ ಹೋಗುವ ವಂಶಾವಳಿಯನ್ನು ಯಾವ ಜಾಲತಾಣದಲ್ಲಿ ತೆರೆದರೂ ಐದನೆಯ ತಲೆಮಾರಿಗೆ ಮೆಟ್ಸ್ ನಗರದ ಬಿಷಪ್ ಸಂತ ಅರ್ನುಲ್ಫ್ ಸಿಗುತ್ತಾನೆ. ಶಾರ್ಲಮೇನ್, ಅವನ ತಂದೆ ಕಿರಿಯ ಪಿಪಿನ್, ಅವನ ತಂದೆ ಚಾರ್ಲ್ಸ್ ಮಾರ್ಟೆಲ್, ಅವನ ತಂದೆ ಹರ್ಸ್ಟಾಲ್‌ನ ಪಿಪಿನ್, ಅವನ ತಂದೆ ಅನ್ಸೆಗಿಸೆಲ್, ಅವನ ತಂದೆ ಅರ್ನುಲ್ಫ್. ಇಲ್ಲಿಯವರೆಗೆ ಎಲ್ಲರೂ ಒಂದೇ ರೀತಿ ಬರೆಯುತ್ತಾರೆ. ಮೇಲಕ್ಕೆ ಹೋದಂತೆ ಮಾತ್ರ ದಾರಿ ಕವಲೊಡೆಯುತ್ತದೆ. ಒಂದು ತಾಣ ಅರ್ನುಲ್ಫನ ತಂದೆಯನ್ನು ಅರ್ನೋಆಲ್ಡ್ ಎನ್ನುತ್ತದೆ. ಅವನ ತಂದೆ ಆನ್ಸ್‌ಬರ್ಟ್ ಎಂಬ ಸೆನೆಟರ್, ತಾಯಿ ಬ್ಲಿಥಿಲ್ಡ್ ಎಂಬ ಮೆರೋವಿಂಜಿಯನ್ (ಫ್ರಾಂಕ್ ಜನರ ಮೊದಲ ರಾಜವಂಶದ) ರಾಜಕುಮಾರಿ ಎಂದು ಹೇಳಿ, ಅಲ್ಲಿಂದ 5ನೆಯ ಶತಮಾನದ ಗಾಲ್ ಪ್ರಾಂತ್ಯದ (ಇಂದಿನ ಫ್ರಾನ್ಸ್ ಸೀಮೆಯ) ರೋಮನ್ ಅಧಿಕಾರಿ ಟೊನಾನ್ಷಿಯಸ್ ಫೆರಿಯೋಲಸ್‌ನವರೆಗೂ ಏಣಿ ಹಾಕಿಬಿಡುತ್ತದೆ. ಇನ್ನೊಂದು ತಾಣದಲ್ಲಿ ತಂದೆಯ ಹೆಸರು ಬೋಡೆಗಿಸೆಲ್. ಮೂರನೆಯದರಲ್ಲಿ ತಂದೆಯ ಜಾಗ ಖಾಲಿ.

ಇದರ ಜೊತೆಗೆ, ಈ ಸಂತನನ್ನು ಬಿಯರ್ ತಯಾರಕರ ಪಾಲಕ ಎಂದೂ ಕರೆಯುತ್ತಾರೆ. ಬಿಷಪ್ಪನಾಗಿ, ರಾಜನ ಮಂತ್ರಾಲೋಚಕನಾಗಿ, ಕೊನೆಗೆ ಕಾಡಿನಲ್ಲಿ ತಪಸ್ಸಿಗೆ ಕೂತವನಿಗೂ ಬಿಯರಿಗೂ ಏನು ನಂಟು ಎಂಬುದು ನನಗೆ ತಿಳಿಯಲಿಲ್ಲ. ಈ ವಿಷಯ ಓದಿಕೊಂಡವರು ಇದ್ದರೆ ವಿವರಿಸಬೇಕಾಗಿ ಕೋರಿಕೆ.

ಕಡತಗಾರ:

ಯಾವ ತಾಣ ಏನು ಹೇಳುತ್ತದೆ ಎಂಬುದನ್ನು ಪಕ್ಕಕ್ಕಿಟ್ಟು, ಯಾವ ಬರಹ ಯಾವಾಗ ಹುಟ್ಟಿತು ಎಂಬ ಅನುಕ್ರಮದಲ್ಲಿ ನೋಡಿದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ಎಲ್ಲಕ್ಕಿಂತ ಹಳೆಯದು ಲ್ಯಾಟಿನ್ ಭಾಷೆಯ ಸಂತಚರಿತೆ. ಅರ್ನುಲ್ಫ್ ತೀರಿಕೊಂಡದ್ದು 640ರ ಆಸುಪಾಸಿನಲ್ಲಿ. ಚರಿತೆ ಬರೆದ ಸನ್ಯಾಸಿ ತಾನು ಕೆಲವನ್ನು ಸಂತನ ಒಡನಾಡಿಗಳಿಂದ ಕೇಳಿದೆ, ಹೆಚ್ಚಿನದನ್ನು ಸ್ವತಃ ಬಲ್ಲೆ ಎಂದು ಹೇಳಿಕೊಳ್ಳುತ್ತಾನೆ. ಹೀಗೆ ಹತ್ತಿರದಿಂದ ಬಲ್ಲವನು ಸಂತನ ಹುಟ್ಟಿನ ಬಗ್ಗೆ ಹೇಳುವುದು ಒಂದೇ ವಾಕ್ಯ: ಅವನು ಫ್ರಾಂಕ್ ಕುಲದವನು, ತಂದೆತಾಯಿ ಕುಲೀನರು, ಲೌಕಿಕ ಸಂಪತ್ತು ಬೇಕಾದಷ್ಟಿತ್ತು. ತಂದೆಯ ಹೆಸರಿಲ್ಲ, ತಾಯಿಯ ಹೆಸರಿಲ್ಲ, ಸೆನೆಟರನ ಸುಳಿವಿಲ್ಲ. ಹೆಂಡತಿ ಒಳ್ಳೆಯ ಮನೆತನದವಳು ಎನ್ನುತ್ತಾನೆ, ಅವಳ ಹೆಸರೂ ಇಲ್ಲ. ಈಗ ಎಲ್ಲ ಪಟ್ಟಿಗಳಲ್ಲೂ ಕಾಣುವ ‘ಡೋಡಾ’ ಎಂಬ ಹೆಸರು ತಡವಾಗಿ ಸೇರಿದ್ದು. ಇಬ್ಬರು ಮಕ್ಕಳು ಎಂಬ ಮಾತಿದೆ, ಅವರಿಗೂ ಹೆಸರಿಲ್ಲ.

ಈ ಸನ್ಯಾಸಿಗೆ ಹೆಸರುಗಳ ಬಗ್ಗೆ ಅಸಡ್ಡೆ ಇತ್ತು ಎಂದು ತಿಳಿಯಬಾರದು. ಅರ್ನುಲ್ಫ್‌ನನ್ನು ಆಸ್ಟ್ರೇಸಿಯದ (ಫ್ರಾಂಕರ ಪೂರ್ವ ಭಾಗದ ರಾಜ್ಯ) ರಾಜ ಎರಡನೆಯ ಥ್ಯೂಡೆಬರ್ಟನ ಆಸ್ಥಾನದಲ್ಲಿ ಪಳಗಿಸಿದವನು ಗುಂಡುಲ್ಫ್ ಎಂದು ಹೆಸರಿಸಿ ಹೇಳುತ್ತಾನೆ. ಗೆಳೆಯ ರೋಮರಿಕನ ಹೆಸರು ಪದೇ ಪದೇ ಬರುತ್ತದೆ. ಅರ್ನುಲ್ಫ್ ಒಬ್ಬನೇ ನೋಡಿಕೊಳ್ಳುತ್ತಿದ್ದ ಆರು ಪ್ರಾಂತ್ಯಗಳ ಆಡಳಿತಕ್ಕೆ ಮುಂದೆ ಅಷ್ಟೇ ಮಂದಿ ಅಧಿಕಾರಿಗಳು ಬೇಕಾದರು ಎಂಬಂಥ ಸಣ್ಣ ವಿವರವನ್ನೂ ಬಿಡುವುದಿಲ್ಲ. ಬಿಷಪ್ ಪದವಿ ಬಿಟ್ಟು ಹೊರಡುತ್ತೇನೆ ಎಂದಾಗ ರಾಜ ಡಾಗೊಬರ್ಟ್ ಸಿಟ್ಟಿಗೆದ್ದು, ಹೋದರೆ ನಿನ್ನ ಮುದ್ದಿನ ಮಕ್ಕಳ ತಲೆ ತೆಗೆಯುತ್ತೇನೆ ಎಂದು ಬೆದರಿಸಿದ ಪ್ರಸಂಗವೂ ಅಲ್ಲೇ ಇದೆ. ಆಸ್ಥಾನದ ಇಷ್ಟೆಲ್ಲ ವಿವರ ಬಲ್ಲವನು ತನ್ನ ಸಂತನ ಅಜ್ಜಿ ರಾಜಕುಮಾರಿಯಾಗಿದ್ದಿದ್ದರೆ ಸುಮ್ಮನಿರುತ್ತಿದ್ದನೇ ಎಂಬುದು ನನ್ನ ಪ್ರಶ್ನೆ. ಸಂತಚರಿತೆಗಳಲ್ಲಿ ಕುಲದ ಹೊಗಳಿಕೆ ಊಟಕ್ಕೆ ಮೊದಲಿನ ಎಲೆಯಂತೆ ಕಡ್ಡಾಯ.

ಎರಡನೆಯದು ಫ್ರೆಡೆಗಾರ್ ಎಂಬ ಹೆಸರಿನಲ್ಲಿ ಉಳಿದಿರುವ, 660ರ ಸುಮಾರಿನ ವೃತ್ತಾಂತ. 613ರಲ್ಲಿ ರಾಣಿ ಬ್ರುನ್‌ಹಿಲ್ಡಳ ವಿರುದ್ಧ ಫ್ರಾಂಕ್ ರಾಜ ಎರಡನೆಯ ಕ್ಲೊಥಾರನನ್ನು ಆಸ್ಟ್ರೇಸಿಯಕ್ಕೆ ಕರೆಸಿಕೊಂಡ ಪಕ್ಷದ ಮುಂದಾಳುಗಳು ಅರ್ನುಲ್ಫ್ ಮತ್ತು ಹಿರಿಯ ಪಿಪಿನ್ (ಹರ್ಸ್ಟಾಲ್‌ನ ಪಿಪಿನ್‌ನ ತಾಯಿ ಬೆಗ್ಗಾಳ ತಂದೆ) ಎಂದು ಅದು ಹೇಳುತ್ತದೆ. ಆದರೆ ಈ ಇಬ್ಬರೂ ಬೀಗರು ಎಂದು ಎಲ್ಲಿಯೂ ಹೇಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಧರ್ಮಕೇಂದ್ರದವಳು:

ವಂಶಾವಳಿಯನ್ನು ಕಡತಗಾರರಿಗೆ ಬಿಟ್ಟು ನಾನು ಬಿಯರಿನ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಒಬ್ಬರ ಹೆಸರಿನಲ್ಲಿ ಕನಿಷ್ಠ ಇಬ್ಬರು ಸಂತರು ಬೆರೆತುಹೋಗಿದ್ದಾರೆ.

ಮೆಟ್ಸ್‌ನ ಅರ್ನುಲ್ಫ್ ಹಬ್ಬ ಜುಲೈ 18ರಂದು. ಇವನ ಕಾಲಕ್ಕಿಂತ ನಾಲ್ಕು ಶತಮಾನ ಈಚೆಗೆ ಇನ್ನೊಬ್ಬ ಅರ್ನುಲ್ಫ್ ಇದ್ದ. ಫ್ಲಾಂಡರ್ಸ್‌ನ ಟೀಗೆಮ್ ಎಂಬಲ್ಲಿ 1040ರ ಸುಮಾರಿಗೆ ಹುಟ್ಟಿ, ಮೊದಲು ಸೈನಿಕನಾಗಿ, ಆಮೇಲೆ ಉತ್ತರ ಫ್ರಾನ್ಸ್‌ನ ಸ್ವಾಸೋನ್ ನಗರದ ಸಂತ ಮೆಡಾರ್ ಮಠದ ಸನ್ಯಾಸಿಯಾಗಿ, ಸ್ವಾಸೋನ್‌ನ ಬಿಷಪ್ಪನೂ ಆದ. 1084ರಲ್ಲಿ ಔಡೆನ್‌ಬರ್ಗ್‌ನಲ್ಲಿ ಮಠ ಕಟ್ಟಿಸಿ, 1087ರಲ್ಲಿ ತೀರಿಕೊಂಡ. ಇವನ ಹಬ್ಬ ಆಗಸ್ಟ್ 14ರಂದು. ಊರಿಗೆ ರೋಗ ಬಂದಾಗ ನೀರು ಕುಡಿಯಬೇಡಿ, ಬಿಯರ್ ಕುಡಿಯಿರಿ ಎಂದು ಜನರಿಗೆ ಹೇಳಿದ ಕಥೆ ಮೂಲತಃ ಇವನದು. ಬಿಯರ್ ಮಾಡಲು ನೀರನ್ನು ಕುದಿಸಲೇಬೇಕಾದ್ದರಿಂದ ರೋಗ ಹರಡಲಿಲ್ಲ ಎಂಬ ವಿವರಣೆ ಈಗಿನವರು ಸೇರಿಸಿದ್ದು. ಚಿತ್ರಗಳಲ್ಲಿ ಇವನ ಕೈಯಲ್ಲಿ ಮೊಳಕೆ ಧಾನ್ಯವನ್ನು ಕದಡುವ ಉದ್ದ ಹಿಡಿಯ ಹುಟ್ಟು ಇರುತ್ತದೆ. ಬೆಲ್ಜಿಯಂನ ಬಿಯರ್ ತಯಾರಕರು ತಮ್ಮ ಪಾಲಕನೆಂದು ಕೊಂಡಾಡುವುದು ಇವನನ್ನೇ.

ಮೆಟ್ಸ್‌ನ ಅರ್ನುಲ್ಫ್ ಚಿತ್ರದಲ್ಲಿ ಇರುವುದು ಬಾಯಲ್ಲಿ ಉಂಗುರ ಕಚ್ಚಿದ ಮೀನು. ಬಿಯರಿನ ಗುರುತೇ ಅಲ್ಲಿಲ್ಲ. ಆದರೂ ಇಂದಿನ ಜನಪ್ರಿಯ ಬರಹಗಳಲ್ಲಿ ಕಡಾಯಿಯೊಳಗೆ ಶಿಲುಬೆ ಅದ್ದಿ ಪಿಡುಗು ನಿಲ್ಲಿಸಿದವನು, ‘ಮನುಷ್ಯನ ಬೆವರು ಮತ್ತು ದೇವರ ಪ್ರೀತಿಯಿಂದ ಬಿಯರ್ ಲೋಕಕ್ಕೆ ಬಂತು’ ಎಂದವನು ಇವನೇ. ಆ ಮಾತು ಹಳೆಯ ಸಂತಚರಿತೆಯಲ್ಲಿ ಇಲ್ಲ. ಬಿಯರ್ ಕಂಪನಿಗಳ ಗೋಡೆಗಳ ಮೇಲೆ ಮಾತ್ರ ಧಾರಾಳವಾಗಿದೆ.

ಮೆಟ್ಸ್‌ನವನ ಪರವಾಗಿ ಉಳಿಯುವ ಒಂದೇ ಕಥೆ ಅವನ ದೇಹವನ್ನು ಮೆಟ್ಸ್‌ಗೆ ತಂದಾಗಿನದು. ಅವನು ವೋಜ್ ಬೆಟ್ಟಗಳಲ್ಲಿ, ರೋಮರಿಕ್ ಕಟ್ಟಿದ ರೆಮಿರೆಮೊಂ ಮಠದ ಹತ್ತಿರ ತೀರಿಕೊಂಡಿದ್ದ. ಮೆಟ್ಸ್‌ನ ಬಿಷಪ್ ಪಟ್ಟದಲ್ಲಿ ಅವನ ನಂತರ ಕೂತ ಗೊಯೆರಿಕ್ ದೇಹವನ್ನು ಊರಿಗೆ ತರಿಸಿದ. ದಾರಿಯಲ್ಲಿ ಹೊತ್ತವರಿಗೂ ಹಿಂದೆ ಬಂದವರಿಗೂ ಕುಡಿಯಲು ಸಾಕಾಗುವಷ್ಟು ಇರಲಿಲ್ಲ. ನೊಟ್ಟೊ ಎಂಬ ಮುಖಂಡ ಸಂತನ ಮೇಲೆ ಭಾರ ಹಾಕಿದಾಗ ಇದ್ದ ಅಲ್ಪ ಬಿಯರೇ ಎಲ್ಲರಿಗೂ ಸಾಕಾಯಿತಂತೆ. ಗಮನಿಸಿ, ಇದು ಬಿಯರ್ ತಯಾರಿಕೆಯ ಪವಾಡವಲ್ಲ. ಅನ್ನ, ಎಣ್ಣೆ, ದ್ರಾಕ್ಷಾರಸ ಹೆಚ್ಚಾದ ಎಷ್ಟೋ ಸಂತಕಥೆಗಳ ಗುಂಪಿಗೆ ಸೇರಿದ್ದು. ಸ್ವಾಸೋನ್‌ನವನ ಖ್ಯಾತಿ ಹಬ್ಬಿದ ಮೇಲೆ, ಅದೇ ಹೆಸರಿನ ಹಳೆಯ ಸಂತನ ಈ ಸಣ್ಣ ಕಥೆಗೂ ಹೊಸ ಜೀವ ಬಂತು ಎಂದು ನನ್ನ ಅಭಿಪ್ರಾಯ. ಅಂದಹಾಗೆ, ಮೆಟ್ಸ್ ಸುತ್ತಲಿನ ಮೊಸೆಲ್ ಕಣಿವೆ ದ್ರಾಕ್ಷಿಯ ಸೀಮೆ.

ಮೂರನೆಯವನೂ ಒಬ್ಬನಿದ್ದಾನೆ: ಜರ್ಮನಿಯ ಡ್ಯೂರೆನ್ ಬಳಿಯ ಅರ್ನಾಲ್ಡ್ಸ್‌ವೈಲರ್‌ನ ಅರ್ನಾಲ್ಡ್, ಶಾರ್ಲಮೇನ್ ಆಸ್ಥಾನದ ವಾದ್ಯಗಾರನೆಂದು ಪ್ರತೀತಿ, ಸಂಗೀತಗಾರರ ಪಾಲಕ. ಇವನನ್ನೂ ಕೆಲವರು ಇದೇ ಗಂಟಿಗೆ ಸೇರಿಸುತ್ತಾರೆ.

ಕೊಂಬೆರೆಂಬೆ:

ಬಿಯರಿನ ವಿಷಯ ಒಪ್ಪಿದೆ. ಆದರೆ ಕಡತಗಾರರ ವಾದಕ್ಕೆ ನನ್ನದೊಂದು ಆಕ್ಷೇಪವಿದೆ. ಸಂತಚರಿತೆ ತಂದೆಯ ಹೆಸರು ಹೇಳಲಿಲ್ಲ ಎಂದ ಮಾತ್ರಕ್ಕೆ ಆನ್ಸ್‌ಬರ್ಟನ ಕಥೆ ಸುಳ್ಳಾಗುವುದಿಲ್ಲ. ಆ ವಂಶಾವಳಿಯಲ್ಲಿ ಬರುವ ಕೆಲವರು ನಿಜವಾಗಿ ಬದುಕಿದ್ದವರು. ಆನ್ಸ್‌ಬರ್ಟನ ಮಗನೆಂದು ಹೇಳುವ ಫೆರಿಯೋಲಸ್, ಉಜೆಸ್ ಊರಿನ ಬಿಷಪ್ಪನಾಗಿದ್ದವನು. 6ನೆಯ ಶತಮಾನದ ಬಿಷಪ್, ಇತಿಹಾಸಕಾರ ಟೂರ್ಸ್‌ನ ಗ್ರೆಗರಿ ಅವನನ್ನು ಉಲ್ಲೇಖಿಸುತ್ತಾನೆ. ಇನ್ನೊಬ್ಬ ಮಗ ಮೊಡೆರಿಕ್, ಅರಿಸಿಟಮ್‌ನ ಬಿಷಪ್. ಅವನೂ ಗ್ರೆಗರಿಯ ಬರಹದಲ್ಲಿದ್ದಾನೆ. ಸುಳ್ಳು ವಂಶಾವಳಿ ಕಟ್ಟುವವನು ಮೆಟ್ಸ್‌ನಲ್ಲಿ ಕೂತು ದಕ್ಷಿಣ ಗಾಲ್‌ನ ಮೂಲೆಯ ಬಿಷಪ್ಪರನ್ನು ಏಕೆ ಹುಡುಕಿಕೊಂಡು ಹೋಗುತ್ತಾನೆ? ಕ್ರಿಸ್ಟಿಯನ್ ಸೆಟ್ಟಿಪಾನಿಯಂಥ ವಂಶಶಾಸ್ತ್ರಜ್ಞರೂ ಈ ಪರಂಪರೆಯನ್ನು ಪೂರ್ತಿ ಕಸಕ್ಕೆ ಹಾಕದೆ, ಅದರ ಹಿಂದೆ ಏನಾದರೂ ಇರಬಹುದೇ ಎಂದು ಜಾಲಾಡಿದ್ದಾರೆ.

ಕಡತಗಾರ:

ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ.

784ರ ಸುಮಾರಿಗೆ ಮೆಟ್ಸ್‌ನ ಬಿಷಪ್ ಆಂಗಿಲ್ರಾಮ್ ಕೇಳಿಕೊಂಡದ್ದರಿಂದ ಪಾಲ್ ಡೀಕನ್ ಎಂಬ ಇಟಲಿಯ ಲೊಂಬಾರ್ಡ್ ಪಂಡಿತ ಮೆಟ್ಸ್ ಬಿಷಪ್ಪರ ಚರಿತ್ರೆಯನ್ನು ಬರೆದ. ಅರ್ನುಲ್ಫ್‌ನಿಂದ ಶಾರ್ಲಮೇನ್‌ವರೆಗಿನ ಕುಲವನ್ನು ತಲೆಮಾರು ತಲೆಮಾರಾಗಿ ಬಿಡಿಸಿ ಹೇಳಿದವನು ಇವನು. ಅನ್ಸೆಗಿಸೆಲ್‌ನ ಹೆಸರನ್ನು ‘ಆಂಕಿಸಸ್’ ಎಂದು ತಿದ್ದಿ, ಟ್ರಾಯ್ ನಗರದ ಈನಿಯಸ್‌ನ ತಂದೆ ಆಂಕೈಸಿಸ್‌ನ ಹೆಸರೇ ಇದು ಎಂದು ಕೊಂಡಿ ಹಾಕಿದವನೂ ಇವನೇ. ರಾಜನ ಕುಲವನ್ನು ಎತ್ತರಿಸಲು ಟ್ರಾಯ್‌ವರೆಗೂ ಕೈಚಾಚಿದ ಈ ಮನುಷ್ಯ, ಅರ್ನುಲ್ಫ್‌ನ ತಂದೆತಾತಂದಿರ ಬಗ್ಗೆ ಹೇಳುವುದು ಮಾತ್ರ ಅತಿ ಕುಲೀನ ಫ್ರಾಂಕ್ ಮನೆತನ ಎಂದಷ್ಟೇ. ಆನ್ಸ್‌ಬರ್ಟ್ ಗೊತ್ತಿದ್ದಿದ್ದರೆ ಬಿಡುತ್ತಿದ್ದನೇ?

ಆದರೆ ಅದೇ ಪುಸ್ತಕದಲ್ಲಿ, ಅರ್ನುಲ್ಫ್‌ಗಿಂತ ಮುಂಚಿನ ಇನ್ನೊಬ್ಬ ಮೆಟ್ಸ್ ಬಿಷಪ್ಪನ ಬಗ್ಗೆ ಪಾಲ್ ಒಂದು ಮಾತು ಹೇಳುತ್ತಾನೆ. ಅಗಿಯುಲ್ಫ್ ಎಂಬವನ ತಂದೆ ಸೆನೆಟರ್ ಕುಲದವನು, ತಾಯಿ ಫ್ರಾಂಕ್ ರಾಜ ಕ್ಲೋವಿಸ್‌ನ ಮಗಳು, ಅವನ ನಂತರ ಬಿಷಪ್ಪನಾದವನು ಅವನ ಸಂಬಂಧಿ ಅರ್ನೋಆಲ್ಡ್, ಆಮೇಲೆ ಪಪ್ಪೋಲಸ್, ಆಮೇಲೆ ಅರ್ನುಲ್ಫ್. ಈಗ ಆನ್ಸ್‌ಬರ್ಟ್ ಕಥೆಯನ್ನು ಇದರ ಪಕ್ಕ ಇಡಿ. ಸೆನೆಟರ್ ಕುಲದ ಗಂಡ, ರಾಜನ ಮಗಳಾದ ಹೆಂಡತಿ, ಅರ್ನೋಆಲ್ಡ್ ಎಂಬ ಹೆಸರು, ಮೂರೂ ಇಲ್ಲಿಯೇ ಇವೆ. ಇನ್ನೊಬ್ಬ ಬಿಷಪ್ಪನ ಮನೆತನದ ಮಾತನ್ನು ಎತ್ತಿ ಅರ್ನುಲ್ಫ್‌ನ ತಲೆಯ ಮೇಲೆ ಇಟ್ಟರೆ ಹೊಸ ವಂಶಾವಳಿ ಸಿದ್ಧ.

ಆ ಕೆಲಸ ನಡೆದದ್ದು ಪಾಲ್ ಬರೆದ ಮೇಲೆ, ಶಾರ್ಲಮೇನ್ ಚಕ್ರವರ್ತಿಯಾದ 800ರಿಂದ ಅವನು ತೀರಿಕೊಂಡ 814ರ ನಡುವೆ. ಚಕ್ರವರ್ತಿಯ ಕುಲವನ್ನು ನೆನೆಯುವ ಪುಟ್ಟ ಲ್ಯಾಟಿನ್ ವಂಶಾವಳಿಯೊಂದು ಹುಟ್ಟಿತು, ಅದು ಮೆಟ್ಸ್‌ನಲ್ಲೇ ಸಿದ್ಧವಾಯಿತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆನ್ಸ್‌ಬರ್ಟ್, ಬ್ಲಿಥಿಲ್ಡ್ ಇಬ್ಬರೂ ಒಟ್ಟಿಗೆ ಮೊದಲು ಕಾಣುವುದು ಅದರಲ್ಲಿ. ಬ್ಲಿಥಿಲ್ಡ್ ‘ಕ್ಲೊಥಾರ್ ರಾಜನ ಮಗಳು’ ಅಂತೆ. ಯಾವ ಕ್ಲೊಥಾರ್? ಎರಡನೆಯ ಕ್ಲೊಥಾರ್ ಹುಟ್ಟಿದ್ದು 584ರಲ್ಲಿ, ಅರ್ನುಲ್ಫ್ ಅವನ ಓರಗೆಯವನು. ಓರಗೆಯವನ ಮಗಳು ಅಜ್ಜಿಯಾಗುವುದು ಸಾಧ್ಯವಿಲ್ಲ. ಹಾಗಾದರೆ 561ರಲ್ಲಿ ತೀರಿಕೊಂಡ ಮೊದಲನೆಯ ಕ್ಲೊಥಾರನೇ ಇರಬೇಕು. ಅವನ ಮಕ್ಕಳನ್ನು ಗ್ರೆಗರಿ ತಾಯಂದಿರ ಸಮೇತ ಎಣಿಸಿ ಕೊಟ್ಟಿದ್ದಾನೆ: ಏಳು ಗಂಡು, ಒಂದು ಹೆಣ್ಣು. ಆ ಒಬ್ಬಳೇ ಹೆಣ್ಣುಮಗಳು ಕ್ಲೊತ್‌ಸಿಂಡ್, ಲೊಂಬಾರ್ಡ್ ರಾಜ ಆಲ್ಬೋಯಿನ್‌ನ ಹೆಂಡತಿಯಾದವಳು. ಬ್ಲಿಥಿಲ್ಡ್ ಎಂಬವಳು ಆ ಪಟ್ಟಿಯಲ್ಲಿ ಇಲ್ಲ.

ಇನ್ನು ದಕ್ಷಿಣದ ಬಿಷಪ್ಪರನ್ನು ಏಕೆ ಹುಡುಕಿಕೊಂಡು ಹೋದರು ಎಂಬ ಪ್ರಶ್ನೆ. 760ರ ದಶಕದಲ್ಲಿ ಕಿರಿಯ ಪಿಪಿನ್ ವರ್ಷವರ್ಷವೂ ದಂಡೆತ್ತಿ ಹೋಗಿ ಗಾಲ್‌ನ ನೈಋತ್ಯದ ಅಕ್ವಿಟೇನ್ ಪ್ರಾಂತ್ಯವನ್ನು ಬಗ್ಗಿಸಿದ. 781ರಲ್ಲಿ ಶಾರ್ಲಮೇನ್ ತನ್ನ ಪುಟ್ಟ ಮಗ ಲೂಯಿಯನ್ನು ಅಲ್ಲಿನ ರಾಜನನ್ನಾಗಿ ಮಾಡಿದ. ಹೊರಗಿನಿಂದ ಬಂದು ಗೆದ್ದವರು ಎಂಬ ಹೆಸರು ತೊಳೆಯಬೇಕಾದರೆ, ಆ ಸೀಮೆಯ ಸಂತರೇ ನಮ್ಮ ಮುತ್ತಾತನ ದಾಯಾದಿಗಳು ಎನ್ನುವುದಕ್ಕಿಂತ ಒಳ್ಳೆಯ ಉಪಾಯ ಯಾವುದಿದೆ? ಉಜೆಸ್‌ನ ಫೆರಿಯೋಲಸ್, ಅರಿಸಿಟಮ್‌ನ ಮೊಡೆರಿಕ್, ರೊಡೆಜ್ ಸೀಮೆಯ ಕನ್ಯೆ ಟಾರ್ಸಿಷಿಯಾ, ಮೂವರೂ ಒಂದೇ ತಂದೆತಾಯಿಯ ಮಕ್ಕಳಾಗಿ, ಅರ್ನುಲ್ಫ್‌ನ ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆಯರಾಗಿ ಬಂದು ಸೇರಿದರು. ವಂಶಾವಳಿ ಉಜೆಸ್‌ನವನಿಗೆ ಹುತಾತ್ಮನ ಕಿರೀಟವನ್ನೂ ತೊಡಿಸುತ್ತದೆ. ಅವನ ಸಮಕಾಲೀನನಾದ ಗ್ರೆಗರಿಯೋ ಅವನು ವಿವೇಕಿ, 5ನೆಯ ಶತಮಾನದ ಲೇಖಕ ಸಿಡೋನಿಯಸ್‌ನ ಶೈಲಿಯಲ್ಲಿ ಪತ್ರಗಳನ್ನು ಬರೆದವನು ಎಂದು ಹೇಳಿ ಸುಮ್ಮನಾಗುತ್ತಾನೆ; ಕೊಲೆಯ ಮಾತೇ ಇಲ್ಲ. ನಿಜವಾದ ಹೆಸರುಗಳಿವೆ ಎಂಬುದು ಸಂಬಂಧಕ್ಕೆ ಸಾಕ್ಷಿಯಾಗುವುದಿಲ್ಲ. ಕಟ್ಟುಕಥೆ ನಂಬಿಸಬೇಕಾದವನು ಬಳಸುವುದು ಜನ ಬಲ್ಲ ಹೆಸರುಗಳನ್ನೇ.

ಹಳೆಗಂಟು:

ಮೇಲಿನ ಏಣಿಯನ್ನು ಕಡತಗಾರರು ಸರಿಯಾಗಿಯೇ ಮುರಿದಿದ್ದಾರೆ. ಆದರೆ ಕೆಳಗಿನ ಏಣಿಯನ್ನು ಎಲ್ಲರೂ ಗಟ್ಟಿ ಎಂದು ನಂಬಿ ನಿಂತಿದ್ದಾರೆ, ಅದನ್ನೂ ಅಲುಗಿಸಿ ನೋಡಬೇಕು. ಅನ್ಸೆಗಿಸೆಲ್ ಅರ್ನುಲ್ಫ್‌ನ ಮಗ ಎಂದು ಹೇಳುವವರು ಯಾರು? ಅದನ್ನು ಬಿಡಿಸಿ ಹೇಳುವ ಮುಖ್ಯ ಸಾಕ್ಷಿ ಮತ್ತೆ ಅದೇ ಪಾಲ್ ಡೀಕನ್, ಅಂದರೆ ಅರ್ನುಲ್ಫ್ ಸತ್ತು ಸುಮಾರು 140 ವರ್ಷಗಳಾದ ಮೇಲೆ. ಫ್ರೆಡೆಗಾರ್ ಅರ್ನುಲ್ಫ್‌ನನ್ನೂ ಪಿಪಿನ್‌ನನ್ನೂ ಜೊತೆಜೊತೆಗೆ ಹೆಸರಿಸಿದರೂ, ಒಬ್ಬನ ಮಗನಿಗೆ ಇನ್ನೊಬ್ಬನ ಮಗಳು ಬೆಗ್ಗಾಳನ್ನು ಕೊಟ್ಟರು ಎನ್ನುವುದಿಲ್ಲ. 805ರ ಸುಮಾರಿನ ಮೆಟ್ಸ್ ವಾರ್ಷಿಕ ವೃತ್ತಾಂತ ಹರ್ಸ್ಟಾಲ್‌ನ ಪಿಪಿನ್‌ನ ಹಿರಿಮೆಯನ್ನು ಕಟ್ಟುವುದು ಮುಖ್ಯವಾಗಿ ತಾಯಿಯ ಕಡೆಯಿಂದ, ತಾಯಿ ಬೆಗ್ಗಾ ಮತ್ತು ಅವಳ ತಂಗಿ ನಿವೆಲ್‌ನ ಸಂತ ಗರ್ಟ್ರೂಡ್ ಮೂಲಕ. ಆಸ್ತಿಯೂ ಹೆಸರೂ ಈ ಮನೆತನಕ್ಕೆ ಹೆಣ್ಣಿನ ಕಡೆಯಿಂದ ಬಂದಿದ್ದು, ಗಂಡಿನ ಕಡೆಗೊಬ್ಬ ಸಂತ ಬೇಕೆಂದು ಅರ್ನುಲ್ಫ್‌ನನ್ನು ಆಮೇಲೆ ತಂದು ಕೂರಿಸಿದರು ಎಂಬ ಶಂಕೆಯನ್ನು ಇಯಾನ್ ವುಡ್ ಮೊದಲಾದ ಇತಿಹಾಸಕಾರರು ವ್ಯಕ್ತಪಡಿಸಿದ್ದಾರೆ.

ಪಾಲ್ ಹೇಳುವ ಒಂದು ಕಥೆಯನ್ನು ಈ ಕಣ್ಣಿನಿಂದ ಓದಿ. ಅರ್ನುಲ್ಫ್ ತನ್ನ ಇಬ್ಬರು ಮಕ್ಕಳನ್ನು ಕರೆದು, ನಿಮ್ಮ ಪಾಲಿನ ಆಸ್ತಿಯನ್ನು ಬಡವರಿಗೆ ಕೊಡುತ್ತೀರಾ ಎಂದು ಕೇಳಿದನಂತೆ. ಹಿರಿಯ ಕ್ಲೊಡುಲ್ಫ್ ಒಲ್ಲೆ ಎಂದ, ಕಿರಿಯ ಅನ್ಸೆಗಿಸೆಲ್ ಒಪ್ಪಿದ. ಅದಕ್ಕೇ ಕಿರಿಯವನ ಸಂತಾನಕ್ಕೆ ರಾಜ್ಯಭಾಗ್ಯ ಎಂದು ತಂದೆ ಹರಸಿದ. ಕ್ಲೊಡುಲ್ಫ್ ಮುಂದೆ ಮೆಟ್ಸ್‌ನ ಬಿಷಪ್ಪನಾಗಿ, ಸಂತನೆಂದೂ ಎನಿಸಿಕೊಂಡವನು. ಅಂಥವನನ್ನು ಜಿಪುಣನನ್ನಾಗಿ ಮಾಡಿಯಾದರೂ ತಮ್ಮನಿಗೆ ಆಶೀರ್ವಾದ ಕೊಡಿಸಬೇಕಾಗಿತ್ತು ಎಂದರೆ, ಆ ಕಥೆ ಯಾರಿಗಾಗಿ ಹೇಳಿದ್ದು ಎಂಬುದು ತಿಳಿಯುತ್ತದೆ.

ಕಡತಗಾರ:

ಈ ಶಂಕೆ ನನಗೆ ಅತಿಯೆನಿಸುತ್ತದೆ. ಹರ್ಸ್ಟಾಲ್‌ನ ಪಿಪಿನ್‌ನ ಮಗ ಡ್ರೋಗೊ 708ರಲ್ಲಿ ತೀರಿಕೊಂಡಾಗ ಹೂಳಿದ್ದು ಮೆಟ್ಸ್‌ನ ಅರ್ನುಲ್ಫ್ ದೇಗುಲದಲ್ಲಿ. ಆ ಡ್ರೋಗೊನ ಒಬ್ಬ ಮಗನ ಹೆಸರು ಅರ್ನುಲ್ಫ್. ಫ್ರಾಂಕರ ಕುಲೀನ ಮನೆಗಳಲ್ಲಿ ಹೆಸರು ಇಡುವುದು ಹಕ್ಕು ಸಾರಿದಂತೆ. ಪೂರ್ವಿಕರ ಹೆಸರು ಮಕ್ಕಳಿಗೆ ಬರುತ್ತದೆ. ಪಾಲ್ ಬರೆಯುವುದಕ್ಕೆ ಮೂರು ತಲೆಮಾರು ಮೊದಲೇ, ಈ ಮನೆತನ ರಾಜಪದವಿಗೆ ಏರುವ 751ಕ್ಕೆ ಬಹಳ ಮುಂಚೆಯೇ, ಅರ್ನುಲ್ಫ್ ಎಂಬ ಹೆಸರು ಮನೆಯೊಳಗೆ ಬಂದಿತ್ತು. ಆಗ ಸುಳ್ಳು ಕಟ್ಟುವ ಅವಸರ ಯಾರಿಗಿತ್ತು?

ಹಳೆಗಂಟು:

ಮೆಟ್ಸ್ ಹತೋಟಿಯಲ್ಲಿರಬೇಕು ಎಂಬ ಅವಸರ ಆಗಲೂ ಇತ್ತಲ್ಲವೇ? ಊರಿನ ದೊಡ್ಡ ಸಂತನ ಹೆಸರನ್ನು ಮೊಮ್ಮಗನಿಗೆ ಇಡಲು ರಕ್ತಸಂಬಂಧವೇ ಬೇಕಾಗಿಲ್ಲ, ಭಕ್ತಿ ಸಾಕು, ರಾಜಕಾರಣವೂ ಸಾಕು. ಆದರೂ ಒಂದು ಮಾತು ಒಪ್ಪುತ್ತೇನೆ: ಡ್ರೋಗೊನ ಸಮಾಧಿ ಮತ್ತು ಮಗನ ಹೆಸರು ಎರಡೂ ಸೇರಿದಾಗ ತಕ್ಕಡಿ ನಿಮ್ಮ ಕಡೆಗೆ ವಾಲುತ್ತದೆ. ನನ್ನ ತಕರಾರು ಇಷ್ಟೇ, ಅನ್ಸೆಗಿಸೆಲ್ ‘ಮಗ’ನೇ ಆಗಿರಬೇಕೆಂದಿಲ್ಲ, ಹತ್ತಿರದ ನೆಂಟನಾಗಿದ್ದವನು ಆಮೇಲಿನವರ ಬಾಯಲ್ಲಿ ಮಗನಾಗಿರಲೂಬಹುದು.

ಮೊಸೆಲ್‌ತೀರ:

ನಾನು ಲಕ್ಸೆಂಬರ್ಗ್‌ನಲ್ಲಿ ಇರುವುದರಿಂದ ಮೆಟ್ಸ್ ನಮಗೆ ಪಕ್ಕದೂರು. ಸ್ಥಳದ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಈ ವಾದದ ಅರ್ಧ ಉತ್ತರ ಸಮಾಧಿಗಳಲ್ಲಿದೆ ಎಂದು ನನಗನ್ನಿಸುತ್ತದೆ.

ಸಂತನನ್ನು ಇಟ್ಟ ದೇಗುಲ ಮೊದಲು ಪವಿತ್ರ ಪ್ರೇಷಿತರ (ಯೇಸುವಿನ ಶಿಷ್ಯರ) ಹೆಸರಿನಲ್ಲಿತ್ತು, ಕೋಟೆಯ ಹೊರಗೆ. ಆಮೇಲೆ ಅದೇ ಸಂತ ಅರ್ನುಲ್ಫ್ ಮಠವಾಯಿತು. ಶಾರ್ಲಮೇನ್ ತನ್ನ ಹೆಂಡತಿ ಹಿಲ್ಡೆಗಾರ್ಡಳನ್ನು 783ರಲ್ಲಿ ಅಲ್ಲಿ ಹೂಳಿಸಿದ. ಅವನ ಅಕ್ಕತಂಗಿಯರಿಗೂ ಹಸುಗೂಸಾಗಿ ಸತ್ತ ಹೆಣ್ಣುಮಕ್ಕಳಿಗೂ ಅಲ್ಲಿಯೇ ಜಾಗ. ಅವರ ಸಮಾಧಿಲೇಖಗಳನ್ನು ಪಾಲ್ ಡೀಕನ್ ತನ್ನ ಬಿಷಪ್ಪರ ಚರಿತ್ರೆಯೊಳಗೇ ಸೇರಿಸಿದ್ದಾನೆ. ಅಂದರೆ ಆ ಪುಸ್ತಕ ಹುಟ್ಟಿದ್ದು ರಾಣಿ ತೀರಿಕೊಂಡ ಮರುವರ್ಷಗಳಲ್ಲಿ, ಆ ಸಮಾಧಿಗಳ ಬಗಲಲ್ಲಿ. ಸಂತನ ವಂಶಾವಳಿ ಅದರೊಳಗೆ ಬಂದದ್ದು ಆಕಸ್ಮಿಕವಲ್ಲ. ಈ ದೇಗುಲಕ್ಕೆ ರಾಜಮನೆತನ ದತ್ತಿ ಬಿಡುತ್ತಲೇ ಇರಬೇಕಾದರೆ, ಒಳಗಿರುವವನು ನಿಮ್ಮ ಮನೆಯ ಹಿರಿಯ ಎಂದು ನೆನಪಿಸುತ್ತಲೇ ಇರಬೇಕಾಗಿತ್ತು. 840ರಲ್ಲಿ ಚಕ್ರವರ್ತಿ ಲೂಯಿ ಸತ್ತಾಗ ಅವನ ಮಲತಮ್ಮ, ಮೆಟ್ಸ್‌ನ ಬಿಷಪ್ ಡ್ರೋಗೊ (708ರಲ್ಲಿ ಸತ್ತ ಡ್ರೋಗೊ ಬೇರೆ) ಅವನನ್ನು ಹೂಳಿಸಿದ್ದೂ ಅಲ್ಲಿಯೇ.

ಆ ಕಟ್ಟಡ ಈಗಿಲ್ಲ. 1552ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿ ಮೆಟ್ಸ್‌ಗೆ ಮುತ್ತಿಗೆ ಹಾಕಿದಾಗ, ಶತ್ರುಗಳಿಗೆ ಮರೆಯಾಗಬಾರದೆಂದು ಊರನ್ನು ಕಾಯುತ್ತಿದ್ದ ಗೀಸ್‌ನ ಡ್ಯೂಕ್ ಕೋಟೆಯ ಹೊರಗಿನದನ್ನೆಲ್ಲ ಕೆಡವಿಸಿದ. ಸಮಾಧಿಗಳನ್ನು ಮೆರವಣಿಗೆಯಲ್ಲಿ ಊರೊಳಗೆ ಡೊಮಿನಿಕನ್ನರ ಮಠಕ್ಕೆ ಸಾಗಿಸಿದರು. ಲೂಯಿಯ ಅಮೃತಶಿಲೆಯ ಶವಪೆಟ್ಟಿಗೆ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚೂರಾಯಿತು. ಇಸ್ರೇಲಿನ ಜನ ಕೆಂಪು ಸಮುದ್ರ ದಾಟುವ ದೃಶ್ಯವಿದ್ದ ಅದರ ಕೆಲವು ತುಂಡುಗಳು ಈಗ ಮೆಟ್ಸ್‌ನ ವಸ್ತುಸಂಗ್ರಹಾಲಯದಲ್ಲಿವೆ.

ಧರ್ಮಕೇಂದ್ರದವಳು ಹೇಳಿದ ಮೀನಿನ ಉಂಗುರವೂ ಉಳಿದಿದೆ. ಕಥೆ ಹೀಗೆ: ಹಿಂದಿನ ಪಾಪದ ಭಾರದಿಂದ ನೊಂದ ಅರ್ನುಲ್ಫ್ ಸೇತುವೆಯ ಮೇಲೆ ನಿಂತು ಮೊಸೆಲ್ ನದಿಗೆ ಉಂಗುರ ಎಸೆದು, ಇದು ಮರಳಿ ಕೈಸೇರಿದ ದಿನ ನನಗೆ ಕ್ಷಮೆ ಸಿಕ್ಕಿತೆಂದು ತಿಳಿಯುವೆ ಎಂದನಂತೆ. ವರ್ಷಗಳು ಕಳೆದ ಮೇಲೆ ಅಡುಗೆಗೆ ತಂದ ಮೀನಿನ ಹೊಟ್ಟೆಯಲ್ಲಿ ಅದು ಸಿಕ್ಕಿತು. ಈ ಕಥೆಯನ್ನು ತಾನು ಶಾರ್ಲಮೇನ್‌ನ ಬಾಯಿಂದಲೇ ಕೇಳಿದೆ ಎಂದು ಪಾಲ್ ಬರೆದಿದ್ದಾನೆ. ಕೆಥೆಡ್ರಲ್‌ನ ಭಂಡಾರದಲ್ಲಿರುವ ಉಂಗುರ ಚಿನ್ನದ್ದು, ಅದರ ಕಲ್ಲಿನ ಮೇಲೆ ಮೀನನ್ನು ಕೆತ್ತಿದೆ. ಮೀನು ಆರಂಭದ ಕ್ರೈಸ್ತರ ಸಾಮಾನ್ಯ ಗುರುತು. ಕಥೆಯಿಂದ ಉಂಗುರಕ್ಕೆ ಮಹತ್ವ ಬಂತೋ, ಕಲ್ಲಿನ ಮೀನು ನೋಡಿದವರಿಗೆ ಕಥೆ ಹೊಳೆಯಿತೋ, ಯಾರು ಹೇಳಬೇಕು?

ಧರ್ಮಕೇಂದ್ರದವಳು:

ಉಂಗುರ ನುಂಗಿದ ಮೀನು ಎಂದೊಡನೆ ನಮ್ಮವರಿಗೆ ಶಕುಂತಲೆ ನೆನಪಾಗುತ್ತಾಳೆ, ಗ್ರೀಕರಿಗೆ ಸಾಮೋಸ್‌ನ ಪಾಲಿಕ್ರೆಟೀಸ್, ಸ್ಕಾಟ್ಲೆಂಡಿನವರಿಗೆ ಗ್ಲಾಸ್ಗೋದ ಸಂತ ಕೆಂಟಿಗರ್ನ್. ಒಂದರಿಂದ ಇನ್ನೊಂದು ಹುಟ್ಟಿತು ಎಂದು ಇಲ್ಲಿ ಯಾರೂ ಎಳೆಯದಿರಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಹಳೆಯ ಸಂತಚರಿತೆಯಲ್ಲಿ ಈ ಕಥೆ ಇಲ್ಲ. ಮನೆತನದ ಒಳಗೆ ಓಡಾಡುತ್ತಿದ್ದದ್ದು, ಚಕ್ರವರ್ತಿಯೇ ಹೇಳಿದ್ದು. ಹಾಗಾದರೆ ಅವರ ಮನೆಯಲ್ಲಿ ಅರ್ನುಲ್ಫ್‌ನನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುವ ಕಥೆಯ ಮನುಷ್ಯನಾಗಿ ನೆನೆಯುತ್ತಿದ್ದರು ಎಂದಾಯಿತು. ಹಳೆಗಂಟು ಹೇಳಿದಂತೆ ಪೂರ್ತಿ ಹೊರಗಿನಿಂದ ತಂದು ಕೂರಿಸಿದ ಸಂತನ ಬಗ್ಗೆ ಇಂಥ ಮನೆಮಾತು ಬೆಳೆಯುವುದು ಕಷ್ಟ.

ಕೊಂಬೆರೆಂಬೆ:

ಆನ್ಸ್‌ಬರ್ಟನನ್ನು ನನ್ನ ನಕ್ಷೆಯಿಂದ ತೆಗೆದಿದ್ದೇನೆ, ಟೊನಾನ್ಷಿಯಸ್ ಫೆರಿಯೋಲಸ್ ಕೂಡ ಅವನೊಂದಿಗೇ ಹೋದ. ಇನ್ನು ಬೋಡೆಗಿಸೆಲ್ ಉಳಿದಿದ್ದಾನೆ. ಅವನನ್ನು ಇಟ್ಟುಕೊಳ್ಳಬಹುದೇ?

ಕಡತಗಾರ:

ಅವನ ಕಥೆ ಇನ್ನೂ ತೆಳು. ಉಮ್ನೊ ಎಂಬವನ ಹೆಸರಿನಲ್ಲಿರುವ, ಹಳೆಯ ಚರಿತೆಗಿಂತ ಬಹಳ ಈಚಿನ ಇನ್ನೊಂದು ಸಂತಚರಿತೆ ಅರ್ನುಲ್ಫ್‌ನ ತಂದೆಗೆ ಆ ಹೆಸರು ಕೊಡುತ್ತದೆ, ನಾನ್ಸಿ ಬಳಿಯ ಲೇ ಎಂಬ ಊರಿನಲ್ಲಿ ಅವನು ಹುಟ್ಟಿದ ಎನ್ನುತ್ತದೆ. 10ನೆಯ ಶತಮಾನದಲ್ಲಿ ಎವಾ ಎಂಬ ಕೌಂಟೆಸ್ ಲೇ ಊರಿನ ತನ್ನ ಜಮೀನನ್ನು ಇದೇ ಸಂತ ಅರ್ನುಲ್ಫ್ ಮಠಕ್ಕೆ ದಾನ ಮಾಡಿದಳು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಿ. ದಾನ ಬಂದ ಊರು ಸಂತನ ಹುಟ್ಟೂರೂ ಆಗಿದ್ದರೆ ಮಠಕ್ಕೆ ಎಷ್ಟು ಅನುಕೂಲ!

ಗ್ರೆಗರಿಯಲ್ಲಿ ಬೋಡೆಗಿಸೆಲ್ ಎಂಬವರು ಇಬ್ಬರಿದ್ದಾರೆ. ಒಬ್ಬ ಮುಪ್ಪಿನಲ್ಲಿ ತೀರಿಕೊಂಡ ಡ್ಯೂಕ್. ಇನ್ನೊಬ್ಬ ಸ್ವಾಸೋನ್‌ನ ಮಮ್ಮೊಲೆನ್‌ನ ಮಗ. ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ರಾಯಭಾರಿಗಳಲ್ಲಿ ಒಬ್ಬ. ದಾರಿಯಲ್ಲಿ ಕಾರ್ಥೇಜ್‌ನಲ್ಲಿ ಅವರ ಸೇವಕನೊಬ್ಬ ವ್ಯಾಪಾರಿಯ ಸರಕನ್ನು ಕಿತ್ತುಕೊಂಡದ್ದರಿಂದ ಜಗಳ ಬೆಳೆದು, ಬೀದಿಯಲ್ಲೇ ಕೊಲೆಯಾದ. ವಂಶಾವಳಿ ಕಟ್ಟುವವರಿಗೆ ಇವನ ಮೇಲೆ ಬಲು ಪ್ರೀತಿ. ಗ್ರೆಗರಿ ಇವರಿಬ್ಬರಲ್ಲಿ ಯಾರಿಗೂ ಅರ್ನುಲ್ಫ್ ಎಂಬ ಮಗನಿದ್ದನೆಂದು ಹೇಳಿಲ್ಲ.

ಹಳೆಗಂಟು:

ತಂದೆಯ ಜಾಗವನ್ನು ಖಾಲಿ ಬಿಡಿ. ಆದರೆ ಪಕ್ಕದಲ್ಲಿ ಒಂದು ಚುಕ್ಕೆಗೆರೆ ಎಳೆಯಲು ಅವಕಾಶವಿದೆ. ಅರ್ನುಲ್ಫ್‌ಗಿಂತ ಕೆಲವೇ ವರ್ಷ ಮುಂಚೆ ಅದೇ ಪೀಠದಲ್ಲಿ ಅರ್ನೋಆಲ್ಡ್ ಎಂಬ ಬಿಷಪ್ ಇದ್ದ, ಅವನೂ ಹಿಂದಿನ ಬಿಷಪ್ಪನ ಸಂಬಂಧಿ. ಫ್ರಾಂಕರು ಹೆಸರಿನ ಮೊದಲ ಅರ್ಧವನ್ನು ಉಳಿಸಿಕೊಂಡು ಎರಡನೆಯ ಅರ್ಧವನ್ನು ಬದಲಿಸುತ್ತ ಮನೆಮಕ್ಕಳಿಗೆ ಹೆಸರಿಡುತ್ತಿದ್ದರು. ಒಂದೇ ಊರು, ಒಂದೇ ಪೀಠ, ಒಂದೇ ಮೊದಲಕ್ಷರಗಳು, ಹತ್ತಿರದ ವರ್ಷಗಳು. 9ನೆಯ ಶತಮಾನದವನು ಅರ್ನೋಆಲ್ಡ್‌ನನ್ನು ಅರ್ನುಲ್ಫ್‌ನ ತಂದೆಯ ಜಾಗಕ್ಕೆ ತಂದಾಗ ಗಾಳಿಯಲ್ಲಿ ಗೆರೆ ಎಳೆದಿರಲಾರ. ನೆಂಟಸ್ತಿಕೆಯ ಮಸುಕು ನೆನಪು ಯಾವುದೋ ಇದ್ದು, ಅದನ್ನು ನೇರ ಪಿತೃತ್ವವಾಗಿ ತಿದ್ದಿರಬಹುದು. ಇದು ನನ್ನ ಊಹೆ. ಕಡತಗಾರರು ಇದನ್ನೂ ಮುರಿಯಬಲ್ಲರಾದರೆ ಮುರಿಯಲಿ.

ಕಡತಗಾರ:

ಮುರಿಯುವುದಿಲ್ಲ. ಅರ್ನುಲ್ಫ್ ಬಿಷಪ್ಪನಾದದ್ದು 614ರ ಸುಮಾರಿಗೆ, ಕ್ಲೊಥಾರ್ ಗೆದ್ದ ಮರುವರ್ಷ. ಪೀಠ ಅವನಿಗೆ ಸಿಕ್ಕಿದ್ದು 613ರ ಸೇವೆಯ ಪ್ರತಿಫಲವಾಗಿ ಎಂದೇ ನಾನು ಇಲ್ಲಿಯವರೆಗೆ ಓದಿಕೊಂಡು ಬಂದಿದ್ದೆ. ನೆಂಟಸ್ತಿಕೆಯೂ ಇದ್ದಿದ್ದರೆ ಎರಡೂ ಕಾರಣ ಕೂಡಿಬಂದವು ಎನ್ನಬಹುದು. ಕೊಂಬೆರೆಂಬೆ ಅವರೇ, ಚುಕ್ಕೆಗೆರೆ ಎಳೆಯಿರಿ, ಆದರೆ ಅದನ್ನು ತಂದೆಯ ಚೌಕಕ್ಕೆ ಮುಟ್ಟಿಸಬೇಡಿ. ಇಬ್ಬರು ಬಿಷಪ್ಪರ ಹೆಸರುಗಳ ನಡುವೆ ಅಡ್ಡಲಾಗಿ ಎಳೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.